ಪ್ರಯೋಗದಲ್ಲಿ ಏನು ಬದಲಿಸಬೇಕು, ಏನು ಅಳೆಯಬೇಕು, ಯಾವುದನ್ನು ಮುಟ್ಟಬಾರದು: ಚರಗಳನ್ನು ಗುರುತಿಸುವ ಬಗೆ

ಶಾಲೆಗಳಲ್ಲಿ ವಿಜ್ಞಾನ ವಸ್ತುಪ್ರದರ್ಶನ ಹತ್ತಿರ ಬಂತೆಂದರೆ ದಾವಣಗೆರೆ, ಹರಿಹರ, ಜಗಳೂರು, ಚಳ್ಳಕೆರೆ ಕಡೆಯ ಮಕ್ಕಳು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಸರ್, ಸ್ವತಂತ್ರ ಚರ ಯಾವುದು, ಅವಲಂಬಿತ ಚರ ಯಾವುದು? ಎಷ್ಟು ಸಲ ಓದಿದರೂ ಅದಲು ಬದಲಾಗುತ್ತೆ." ಕೆಲವು ಸಲ ಮಕ್ಕಳ ಬದಲು ಅಪ್ಪ ಅಮ್ಮಂದಿರೇ ಫೋನ್ ಮಾಡುತ್ತಾರೆ.

ವ್ಯಾಖ್ಯೆ ಬಾಯಿಪಾಠ ಮಾಡಿದರೆ ಇದು ತಲೆಯಲ್ಲಿ ನಿಲ್ಲುವುದಿಲ್ಲ. ಒಂದು ಪ್ರಯೋಗವನ್ನು ಕೈಯಾರೆ ಮಾಡಿದರೆ ಮರೆಯುವುದೂ ಇಲ್ಲ. ಹಾಗಾಗಿ ಈ ಲೇಖನದಲ್ಲಿ ಒಂದೇ ಪ್ರಯೋಗವನ್ನು ಮೊದಲಿಂದ ಕೊನೆಯವರೆಗೆ ಮಾಡೋಣ. ಬೇಕಾಗುವುದು ದೋಸೆ ಹಿಟ್ಟು. ಬೆಣ್ಣೆ ದೋಸೆಯ ಊರಿನವರಿಗೆ ಅದಕ್ಕೆ ಬರವಿಲ್ಲ, ಅಲ್ವಾ?

ಮೊದಲು ನಾಲ್ಕು ಪದ

ಚರ ಅಂದರೆ ಬದಲಾಗಬಲ್ಲದ್ದು. ಬಿಸಿಲು, ತೂಕ, ಸಮಯ, ಬೀಜದ ತಳಿ, ಉಪ್ಪಿನ ಪ್ರಮಾಣ ಎಲ್ಲವೂ ಚರಗಳೇ. ಕೆಲವು ಪುಸ್ತಕಗಳಲ್ಲಿ 'ಚಲಕ' ಅಂತ ಬರೆದಿರುತ್ತಾರೆ, ಮೇಷ್ಟ್ರುಗಳು 'ವೇರಿಯಬಲ್' ಅನ್ನುತ್ತಾರೆ. ಮೂರೂ ಒಂದೇ.

ನೀವು ಬೇಕೆಂದೇ ಬದಲಿಸುವುದು ಸ್ವತಂತ್ರ ಚರ. ಅದನ್ನು ಬದಲಿಸಿದ್ದರಿಂದ ಏನಾಯಿತು ಅಂತ ಅಳೆಯುವುದು ಅವಲಂಬಿತ ಚರ. ಎಲ್ಲ ಕಡೆಯೂ ಒಂದೇ ಸಮ ಇಡುವಂಥವು ನಿಯಂತ್ರಿತ ಚರಗಳು. ನಿಮ್ಮ ಕಣ್ಣು ತಪ್ಪಿಸಿ ಒಳಗೆ ನುಸುಳಿ ಫಲಿತಾಂಶ ಕೆಡಿಸುವುದನ್ನು ಗೊಂದಲಕಾರಿ ಚರ ಅನ್ನುತ್ತಾರೆ. ನಾನು ಅದನ್ನು ಅಡ್ಡ ಚರ ಅಂತ ಕರೆಯುತ್ತೇನೆ. ಹೆಸರು ಕೇಳಿದರೆ ಅದು ಮಾಡುವ ಕೆಲಸ ಗೊತ್ತಾಗಬೇಕು.

ಹಳೆಯ ಒಂದು ಪ್ರಯೋಗದಲ್ಲಿ ಮೊದಲ ಮೂರನ್ನೂ ಒಟ್ಟಿಗೆ ನೋಡಬಹುದು. 1747ರಲ್ಲಿ ಸಾಲಿಸ್‌ಬರಿ ಎಂಬ ಬ್ರಿಟಿಷ್ ಯುದ್ಧನೌಕೆಯಲ್ಲಿ ನಾವಿಕರಿಗೆ ಸ್ಕರ್ವಿ ಬಂತು. ಒಸಡು ಕೊಳೆತು, ಮೈ ಸೋತು ಜನ ಸಾಯುತ್ತಿದ್ದ ಕಾಯಿಲೆ ಅದು. ಹಡಗಿನ ವೈದ್ಯ ಜೇಮ್ಸ್ ಲಿಂಡ್ 12 ರೋಗಿಗಳನ್ನು ಆರಿಸಿ ಇಬ್ಬಿಬ್ಬರ ಆರು ಜೋಡಿ ಮಾಡಿದ. ಎಲ್ಲರನ್ನೂ ಒಂದೇ ಜಾಗದಲ್ಲಿ ಮಲಗಿಸಿದ, ಎಲ್ಲರಿಗೂ ಒಂದೇ ಊಟ ಕೊಟ್ಟ. ಅವು ನಿಯಂತ್ರಿತ ಚರಗಳು. ಜೋಡಿಯಿಂದ ಜೋಡಿಗೆ ಬದಲಾದದ್ದು ಔಷಧಿ ಮಾತ್ರ: ಒಂದಕ್ಕೆ ವಿನೆಗರ್, ಇನ್ನೊಂದಕ್ಕೆ ಸಮುದ್ರದ ನೀರು, ಮತ್ತೊಂದಕ್ಕೆ ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ, ಹೀಗೆ. ಅದು ಸ್ವತಂತ್ರ ಚರ. ರೋಗಿ ಎಷ್ಟು ಚೇತರಿಸಿಕೊಂಡ ಅನ್ನುವುದು ಅವಲಂಬಿತ ಚರ. ಕಿತ್ತಳೆ, ನಿಂಬೆ ತಿಂದವರು ಒಂದು ವಾರದೊಳಗೇ ಎದ್ದು ಓಡಾಡಿದರು. ಬದಲಿಸಿದ್ದು ಒಂದನ್ನೇ ಆದ್ದರಿಂದ 'ಹಣ್ಣಿನಿಂದಲೇ ವಾಸಿಯಾಯಿತು' ಅಂತ ಹೇಳಲು ಆಧಾರ ಸಿಕ್ಕಿತು.

ಏನೇನು ಬೇಕು

ಉಪ್ಪು ಹಾಕದೆ ಗಟ್ಟಿಯಾಗಿ ರುಬ್ಬಿದ ದೋಸೆ ಹಿಟ್ಟು 1200 ಗ್ರಾಂ. ಬುಡದಿಂದ ಬಾಯಿವರೆಗೆ ಆದಷ್ಟು ಒಂದೇ ಅಗಲದ, ಒಂದೇ ಅಳತೆಯ 12 ಗಾಜಿನ ಲೋಟ. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ. ಮೆಡಿಕಲ್ ಶಾಪ್‌ನಲ್ಲಿ ಸಿಗುವ 10 ಮಿಲಿಲೀಟರ್ ಸಿರಿಂಜ್, ಸೂಜಿ ಬೇಡ. ಉಪ್ಪು, ಚಮಚ, ಲೋಟಗಳಿಗೆ ಮುಚ್ಚಳ, ಥರ್ಮಾಮೀಟರ್, ಸ್ಕೇಲು, ಪೇಪರ್ ಪಟ್ಟಿ, ಪೆನ್ನು, ಒಂದು ನೋಟ್‌ಬುಕ್. ಇಷ್ಟೇ.

ಹಂತ 1: ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ಈ ಸಾಲನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ: "____ ಬದಲಿಸಿದರೆ ____ ಎಷ್ಟು ಬದಲಾಗುತ್ತೆ?"

ಮೊದಲ ಖಾಲಿ ಜಾಗ ಸ್ವತಂತ್ರ ಚರದ್ದು, ಎರಡನೆಯದು ಅವಲಂಬಿತ ಚರದ್ದು. ಈ ಸಾಲು ತುಂಬಲು ಬಂದರೆ ಎರಡೂ ಮುಂದೆ ಅದಲು ಬದಲಾಗುವುದಿಲ್ಲ. ತುಂಬಲು ಬರಲಿಲ್ಲ ಅಂದರೆ ಪ್ರಯೋಗಕ್ಕೆ ಇನ್ನೂ ಸಿದ್ಧರಾಗಿಲ್ಲ ಅಂತ ತಿಳಿಯಿರಿ, ಲೋಟ ಮುಟ್ಟಬೇಡಿ.

ನಮ್ಮ ಪ್ರಶ್ನೆ: ಹಿಟ್ಟಿಗೆ ಹಾಕುವ ಉಪ್ಪಿನ ಪ್ರಮಾಣ ಬದಲಿಸಿದರೆ ಹಿಟ್ಟು ಉಬ್ಬುವ ಎತ್ತರ ಎಷ್ಟು ಬದಲಾಗುತ್ತೆ? ಉಪ್ಪನ್ನು ರಾತ್ರಿಯೇ ಹಾಕಬೇಕೋ ಬೆಳಿಗ್ಗೆ ಹಾಕಬೇಕೋ ಎಂಬ ಮಾತು ಅನೇಕ ಮನೆಗಳಲ್ಲಿ ನಡೆಯುತ್ತದೆ. ಆ ಮಾತಿನ ಒಳಗೇ ಈ ಪ್ರಶ್ನೆ ಇದೆ. ಹಿಟ್ಟನ್ನು ಉಬ್ಬಿಸುವುದು ಲ್ಯೂಕೊನೊಸ್ಟಾಕ್ ಮುಂತಾದ ಬ್ಯಾಕ್ಟೀರಿಯಾಗಳು. ಅವು ಬಿಡುವ ಗಾಳಿ ಉದ್ದಿನ ಹಿಟ್ಟಿನ ಅಂಟಿನಲ್ಲಿ ಸಿಕ್ಕಿಕೊಂಡು ಗುಳ್ಳೆಯಾಗುತ್ತದೆ. ಉಪ್ಪು ಅವುಗಳ ಕೆಲಸಕ್ಕೆ ಅಡ್ಡಿ ಮಾಡುತ್ತದೆಯೇ, ಮಾಡಿದರೆ ಎಷ್ಟು ಉಪ್ಪಿನಿಂದ ಶುರು? ಇದನ್ನೇ ನಾವು ನೋಡುವುದು.

ಈಗ ನಿಮ್ಮ ಊಹೆ ಬರೆಯಿರಿ. ಪಠ್ಯದಲ್ಲಿ ಇದಕ್ಕೆ ಪ್ರಾಕ್ಕಲ್ಪನೆ ಅನ್ನುತ್ತಾರೆ, ಅಂದರೆ ಪರೀಕ್ಷೆ ಮಾಡಿ ಸರಿ ತಪ್ಪು ನೋಡಬಹುದಾದ ಊಹೆ. "ಉಪ್ಪು ಜಾಸ್ತಿಯಾದಂತೆ ಹಿಟ್ಟು ಉಬ್ಬುವುದು ಕಡಿಮೆಯಾಗುತ್ತದೆ" ಅಂತ ಬರೆದರೆ ಸಾಕು. ಫಲಿತಾಂಶ ಬಂದ ಮೇಲೆ ಊಹೆಯನ್ನು ತಿದ್ದಬೇಡಿ. ಊಹೆ ಸುಳ್ಳಾದರೆ ಅಂಕ ಹೋಗುವುದಿಲ್ಲ.

ಹಂತ 2: ಸ್ವತಂತ್ರ ಚರಕ್ಕೆ ಮಟ್ಟಗಳನ್ನು ಗೊತ್ತು ಮಾಡಿ

'ಕಡಿಮೆ ಉಪ್ಪು, ಜಾಸ್ತಿ ಉಪ್ಪು' ಅಂದರೆ ಸಾಲದು. ಸಂಖ್ಯೆ ಬೇಕು. 300 ಗ್ರಾಂ ಹಿಟ್ಟಿಗೆ 0, 2, 4, 8 ಗ್ರಾಂ ಉಪ್ಪು ಅಂತ ನಾಲ್ಕು ಮಟ್ಟ ಇಟ್ಟುಕೊಳ್ಳೋಣ.

ಇಲ್ಲೊಂದು ತೊಡಕು ಇದೆ. ಮನೆಯ ತಕ್ಕಡಿ ಸಾಮಾನ್ಯವಾಗಿ ಒಂದು ಗ್ರಾಂಗಿಂತ ಕಡಿಮೆ ತೋರಿಸುವುದಿಲ್ಲ. ಅದು '2 ಗ್ರಾಂ' ಅಂದಾಗ ನಿಜವಾದ ತೂಕ ಒಂದೂವರೆಯೂ ಇರಬಹುದು, ಎರಡೂವರೆಯೂ ಇರಬಹುದು. ಹಾಗಾಗಿ ಉಪ್ಪುನೀರು ಮಾಡಿಕೊಳ್ಳಿ. 40 ಗ್ರಾಂ ಉಪ್ಪನ್ನು ಸ್ವಲ್ಪ ನೀರಿನಲ್ಲಿ ಪೂರ್ತಿ ಕರಗಿಸಿ, ಆಮೇಲೆ ನೀರು ಸೇರಿಸಿ ಒಟ್ಟು 200 ಮಿಲಿಲೀಟರ್ ಮಾಡಿ. ಇದರ 5 ಮಿಲಿಲೀಟರ್‌ನಲ್ಲಿ 1 ಗ್ರಾಂ ಉಪ್ಪು ಇರುತ್ತದೆ. ಸಿರಿಂಜ್‌ನಿಂದ 10 ಮಿಲಿಲೀಟರ್ ಹಾಕಿದರೆ 2 ಗ್ರಾಂ, 20 ಹಾಕಿದರೆ 4, 40 ಹಾಕಿದರೆ 8.

ಆದರೆ ಹೀಗೆ ಮಾಡಿದರೆ ಉಪ್ಪಿನ ಜೊತೆ ನೀರೂ ಬದಲಾಯಿತಲ್ಲ! 40 ಮಿಲಿಲೀಟರ್ ಸೇರಿದ ಹಿಟ್ಟು ತೆಳ್ಳಗಾಗುತ್ತದೆ, ತೆಳ್ಳಗಿನ ಹಿಟ್ಟು ಗುಳ್ಳೆ ಹಿಡಿದಿಡುವುದಿಲ್ಲ. ಆಗ ಉಬ್ಬು ಕಡಿಮೆಯಾದದ್ದು ಉಪ್ಪಿನಿಂದಲೋ ನೀರಿನಿಂದಲೋ ಹೇಳಲಾಗದು. ಪರಿಹಾರ ಸುಲಭ. ಎಲ್ಲ ಪಾಲಿಗೂ ಒಟ್ಟು 40 ಮಿಲಿಲೀಟರ್ ದ್ರವವೇ ಹೋಗಲಿ. ಉಪ್ಪುನೀರು 0 ಇದ್ದಲ್ಲಿ ಬರೀ ನೀರು 40, ಉಪ್ಪುನೀರು 10 ಇದ್ದಲ್ಲಿ ನೀರು 30, 20 ಇದ್ದಲ್ಲಿ 20, 40 ಇದ್ದಲ್ಲಿ ನೀರು ಸೊನ್ನೆ. ಹಿಟ್ಟನ್ನು ಗಟ್ಟಿಯಾಗಿ ರುಬ್ಬಿ ಅಂದದ್ದು ಇದಕ್ಕೇ.

ಈ ಒಂದು ಲೆಕ್ಕ ಅರ್ಥವಾದರೆ ಚರಗಳ ವಿಷಯ ಮುಕ್ಕಾಲು ಪಾಲು ಅರ್ಥವಾದಂತೆ. ಒಂದನ್ನು ಬದಲಿಸುವಾಗ ಅದರ ಹಿಂದೆ ಇನ್ನೊಂದು ಬಂದುಬಿಡುತ್ತದೆ. ಅದನ್ನು ಹಿಡಿದು ನಿಲ್ಲಿಸುವುದೇ ಪ್ರಯೋಗದ ಕಷ್ಟದ ಕೆಲಸ.

ಹಂತ 3: ಅವಲಂಬಿತ ಚರವನ್ನು ಅಳೆಯುವ ಬಗೆ ಮೊದಲೇ ಬರೆಯಿರಿ

'ಹಿಟ್ಟು ಚೆನ್ನಾಗಿ ಬಂತು' ಅನ್ನುವುದು ಅಳತೆಯಲ್ಲ. ಚೆನ್ನಾಗಿ ಅಂದರೆ ಹುಳಿಯೋ, ಉಬ್ಬೋ? ನಾವು ಆರಿಸಿಕೊಂಡದ್ದು ಉಬ್ಬು. ಅದನ್ನೂ ಬಿಡಿಸಿ ಬರೆಯಬೇಕು: "ಹಿಟ್ಟು ಸುರಿದಾಗಿನ ಗೆರೆಯಿಂದ 8 ಗಂಟೆಯ ನಂತರದ ಮೇಲ್ಮಟ್ಟದವರೆಗಿನ ಎತ್ತರ, ಮಿಲಿಮೀಟರ್‌ನಲ್ಲಿ." ಹುಳಿ ಅಳೆಯಬೇಕು ಅಂದರೆ ಪಿಎಚ್ ಪೇಪರ್ ಬೇಕು. ಅದು ಬೇರೆ ಅವಲಂಬಿತ ಚರ, ಬೇರೆ ಪಟ್ಟಿ.

ಪ್ರತಿ ಲೋಟದ ಹೊರಗೆ ಪೇಪರ್ ಪಟ್ಟಿ ಅಂಟಿಸಿ, ಮಿಲಿಮೀಟರ್ ಗುರುತು ಮಾಡಿ. ಓದುವಾಗ ಕಣ್ಣು ಹಿಟ್ಟಿನ ಮಟ್ಟಕ್ಕೇ ಇರಲಿ. ನಿಂತುಕೊಂಡು ಮೇಲಿಂದ ಓದಿದರೆ ಎರಡು ಮೂರು ಮಿಲಿಮೀಟರ್ ತಪ್ಪು ಖಂಡಿತ. ಲೋಟ ಎತ್ತಬೇಡಿ, ಅಲುಗಾಡಿಸಬೇಡಿ. ಉಬ್ಬಿದ ಹಿಟ್ಟು ಒಂದು ಕುಲುಕಿಗೇ ಕುಸಿಯುತ್ತದೆ.

ದಾವಣಗೆರೆಯ ಮಕ್ಕಳಿಗೆ ಇನ್ನೊಂದು ಉದಾಹರಣೆ. ಮಂಡಕ್ಕಿ ಮೇಲೆ ಪ್ರಯೋಗ ಮಾಡುವವರು 'ಗರಿಗರಿ ಎಷ್ಟು ಉಳಿಯಿತು' ಅಂತ ಬರೆಯುತ್ತಾರೆ. ಗರಿಗರಿಯನ್ನು ಹೇಗೆ ಅಳೆಯುತ್ತೀರಿ? ಬಾಯಿಗೆ ಹಾಕಿ ನೋಡಿದರೆ ಒಬ್ಬೊಬ್ಬರದು ಒಂದೊಂದು ಮಾತು. ಮಂಡಕ್ಕಿ ಮೆತ್ತಗಾಗುವುದು ಗಾಳಿಯ ತೇವ ಹೀರಿಕೊಂಡು. ತೇವ ಹೀರಿದರೆ ತೂಕ ಏರುತ್ತದೆ. ತೆರೆದ ತಟ್ಟೆಯಲ್ಲಿ 100 ಗ್ರಾಂ ಹರಡಿ, ಗಂಟೆಗೊಮ್ಮೆ ತೂಗಿ. ನಾಲಿಗೆಯ ಮಾತು ಹೀಗೆ ಗ್ರಾಂ ಲೆಕ್ಕಕ್ಕೆ ಬರುತ್ತದೆ.

ಹಂತ 4: ಒಂದೇ ಸಮ ಇಡಬೇಕಾದ್ದನ್ನೆಲ್ಲ ಪಟ್ಟಿ ಮಾಡಿ

ಹೆಚ್ಚಿನ ಪ್ರಯೋಗಗಳು ಕೆಡುವುದು ಇಲ್ಲೇ. ಮಕ್ಕಳು ಚಾರ್ಟ್‌ನಲ್ಲಿ ಸುಮ್ನೆ 'ನಿಯಂತ್ರಿತ ಚರ: ಉಷ್ಣತೆ, ಸಮಯ' ಅಂತ ಎರಡು ಪದ ಬರೆದು ಮುಗಿಸುತ್ತಾರೆ. ಹಾಗೆ ಬೇಡ. ಪ್ರತಿಯೊಂದಕ್ಕೂ 'ಹೇಗೆ ಒಂದೇ ಸಮ ಇಟ್ಟೆ' ಅಂತ ಬರೆಯಿರಿ.

ಅಕ್ಕಿ, ಉದ್ದು, ಮಂಡಕ್ಕಿ, ಮೆಂತ್ಯ ನೆನೆಸಿದ ಹೊತ್ತು, ರುಬ್ಬಿದ ನುಣುಪು ಇವೆಲ್ಲ ಒಂದೇ ಆಗಬೇಕಾದರೆ ಒಂದೇ ಸಲ ರುಬ್ಬಿದ ಹಿಟ್ಟನ್ನೇ ನಾಲ್ಕು ಪಾಲು ಮಾಡಬೇಕು. ಪಾಲಿಗೆ 300 ಗ್ರಾಂ, ತೂಗಿಯೇ ಹಾಕಿ. ಉಪ್ಪುನೀರು ಹಾಕಿದ ಮೇಲೆ ಪ್ರತಿ ಪಾಲನ್ನೂ ಎಣಿಸಿ ಅಷ್ಟೇ ಸುತ್ತು ಕಲಸಿ, ಐವತ್ತು ಅಂದರೆ ಐವತ್ತು. ಕೈಯಿಂದ ಕಲಸಿದರೆ ಕೈಯಲ್ಲಿನ ಸೂಕ್ಷ್ಮಜೀವಿಗಳೂ ಸೇರುತ್ತವೆ. ಆದ್ದರಿಂದ ಎಲ್ಲಕ್ಕೂ ಚಮಚ ಬಳಸಿ, ಪಾಲು ಬದಲಾದಾಗ ಚಮಚ ತೊಳೆದು ಒರೆಸಿ. ಪ್ರತಿ ಪಾಲಿನಿಂದ ಮೂರು ಲೋಟಕ್ಕೆ 100 ಗ್ರಾಂನಂತೆ ಸುರಿಯಿರಿ. ಉಳಿದ ಸ್ವಲ್ಪ ಹಿಟ್ಟು ದೋಸೆಗೆ ಆಗುತ್ತದೆ. ಎಲ್ಲದರ ಬಾಯಿಗೂ ಒಂದೇ ಬಗೆಯ ಮುಚ್ಚಳ, ಸಡಿಲವಾಗಿ.

ಆಮೇಲೆ ಜಾಗ. ಒಲೆಯ ಪಕ್ಕ, ಫ್ರಿಜ್ ಹಿಂಭಾಗ, ಕಿಟಕಿಯ ಕಟ್ಟೆ ಒಂದೇ ಮನೆಯಲ್ಲಿದ್ದರೂ ಒಂದೇ ಬಿಸಿಯಲ್ಲ. 12 ಲೋಟವನ್ನೂ ಒಂದೇ ತಟ್ಟೆ ಅಥವಾ ಹಲಗೆಯ ಮೇಲೆ, ನೇರ ಬಿಸಿಲು ಬೀಳದ ಕಡೆ ಇಡಿ.

ಒಮ್ಮೆ ಒಂದು ಶಾಲೆಯಲ್ಲಿ ನಾನು ನೋಡಿದ ಮೆಕ್ಕೆಜೋಳದ ಪ್ರಯೋಗ ಈಗಲೂ ಮನಸ್ಸಿಗೆ ಕಷ್ಟ ಕೊಡುತ್ತದೆ. ಒಂದು ಟ್ರೇಗೆ ಎರೆಹುಳು ಗೊಬ್ಬರ, ಇನ್ನೊಂದಕ್ಕೆ ಇಲ್ಲ. ಹುಡುಗಿ ಮೂರು ವಾರ ಒಂದು ದಿನವೂ ತಪ್ಪದೆ ಅಳತೆ ಬರೆದಿದ್ದಳು. ಆದರೆ ಗೊಬ್ಬರದ ಟ್ರೇ ಕಿಟಕಿ ಪಕ್ಕ, ಇನ್ನೊಂದು ಗೋಡೆ ಪಕ್ಕ. ಗೊಬ್ಬರವೋ ಬೆಳಕೋ? ಅಷ್ಟು ಶ್ರದ್ಧೆಯ ಅಂಕಿಗಳಿಂದ ಏನೂ ಹೇಳಲಾಗಲಿಲ್ಲ. ಎರಡು ಟ್ರೇಗಳನ್ನೂ ಕಿಟಕಿ ಪಕ್ಕ ಇಟ್ಟಿದ್ದರೆ ಸಾಕಿತ್ತು.

ಹಂತ 5: ಹೋಲಿಸಲು ಒಂದು ಗುಂಪು

ಉಪ್ಪೇ ಹಾಕದ ಮೂರು ಲೋಟ ಇವೆಯಲ್ಲ, ಅದು ನಿಯಂತ್ರಣ ಗುಂಪು. ಉಳಿದವನ್ನು ಅದರ ಜೊತೆ ಹೋಲಿಸುತ್ತೇವೆ.

ಮಕ್ಕಳು ಅತಿ ಹೆಚ್ಚು ಎಡವುವ ಪದ ಇದು. ನಿಯಂತ್ರಿತ ಚರ ಬೇರೆ, ನಿಯಂತ್ರಣ ಗುಂಪು ಬೇರೆ. ಮೊದಲನೆಯದು ಎಲ್ಲ ಲೋಟಗಳಲ್ಲೂ ಒಂದೇ ಸಮ ಇರುವ ಸಂಗತಿ: ಹಿಟ್ಟಿನ ತೂಕ, ನೀರು, ಜಾಗ. ಎರಡನೆಯದು ಆ ಮೂರು ಲೋಟಗಳೇ. ತೀರ್ಪುಗಾರರು ಕೇಳಿದಾಗ ಒಂದರ ಬದಲು ಇನ್ನೊಂದು ಹೇಳಬೇಡಿ.

ಹಂತ 6: ಅಡ್ಡ ಚರಗಳನ್ನು ಹುಡುಕಿ

ಎಲ್ಲ ಮಾಡಿದ ಮೇಲೂ ಹಲಗೆಯ ಒಂದು ಅಂಚು ಗೋಡೆಗೆ ಹತ್ತಿರ, ಇನ್ನೊಂದು ಅಂಚು ಗಾಳಿಗೆ ಹತ್ತಿರ. ಉಪ್ಪಿಲ್ಲದ ಮೂರನ್ನೂ ಒಂದು ತುದಿಯಲ್ಲಿ, ಜಾಸ್ತಿ ಉಪ್ಪಿನ ಮೂರನ್ನೂ ಇನ್ನೊಂದು ತುದಿಯಲ್ಲಿ ಇಟ್ಟರೆ ಜಾಗದ ಪ್ರಭಾವ ಉಪ್ಪಿನ ಪ್ರಭಾವದಂತೆ ಕಾಣುತ್ತದೆ. ಇದನ್ನು ತಪ್ಪಿಸಲು 1ರಿಂದ 12ರವರೆಗೆ ಚೀಟಿ ಬರೆದು ಎತ್ತಿಸಿ. ಯಾವ ಲೋಟಕ್ಕೆ ಯಾವ ಜಾಗ ಬಂತೋ ಅಲ್ಲೇ ಇಡಿ. ಇದಕ್ಕೆ ಯಾದೃಚ್ಛೀಕರಣ ಅನ್ನುತ್ತಾರೆ. ದೊಡ್ಡ ಪದ, ಆದರೆ ಕೆಲಸ ಚೀಟಿ ಎತ್ತುವುದೇ.

ಅಳೆಯುವವರೂ ಅಡ್ಡ ಚರವಾಗಬಹುದು. 'ಇದು ಕಡಿಮೆ ಉಬ್ಬಬೇಕು' ಅಂತ ಮನಸ್ಸಿನಲ್ಲಿದ್ದರೆ ಕಣ್ಣು ಒಂದು ಗೆರೆ ಕೆಳಗೇ ಓದುತ್ತದೆ. ಲೋಟದ ಮೇಲೆ ಉಪ್ಪಿನ ಪ್ರಮಾಣ ಬರೆಯದೆ ಬರೀ ನಂಬರ್ ಹಾಕಿ. ಯಾವ ನಂಬರ್‌ಗೆ ಎಷ್ಟು ಉಪ್ಪು ಅನ್ನುವ ಪಟ್ಟಿ ಒಬ್ಬರ ಬಳಿ ಇರಲಿ, ಅಳತೆ ಓದುವವರು ಇನ್ನೊಬ್ಬರಿರಲಿ.

ಹೊಲದಲ್ಲಿ ಈ ಅಡ್ಡ ಚರಗಳ ಕಾಟ ಇನ್ನೂ ದೊಡ್ಡದು. ನಮ್ಮ ಕಡೆ ರೈತರು ಹೊಸ ತಳಿಯನ್ನು ಅಳೆಯುವುದು ಸಾಮಾನ್ಯವಾಗಿ ಹೀಗೆ: "ಹೋದ ವರ್ಷ ಹಳೇ ಬೀಜ ಹಾಕಿದ್ದೆ, ಈ ವರ್ಷ ಹೊಸದು. ಇಳುವರಿ ಇಳಿದಿದೆ, ಬೀಜ ಸರಿಯಿಲ್ಲ." 2022ರಲ್ಲಿ ಹಿರಿಯೂರಿನ ವಾಣಿ ವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದಿತ್ತು. ಮರುವರ್ಷ, 2023ರಲ್ಲಿ, ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಬೇಕಾಯಿತು. ಆ ಎರಡು ವರ್ಷದ ಶೇಂಗಾ ಇಳುವರಿ ಹೋಲಿಸಿ ಬೀಜದ ಬಗ್ಗೆ ತೀರ್ಮಾನಕ್ಕೆ ಬರಲು ಸಾಧ್ಯವೇ? ಅಲ್ಲಿ ಬದಲಾದದ್ದು ಬೀಜ ಒಂದೇ ಅಲ್ಲ, ಮಳೆಯೂ ಬದಲಾಗಿತ್ತು.

ಮಳೆಯನ್ನು ಯಾರೂ ಒಂದೇ ಸಮ ಇಡಲಾರರು. ಅದಕ್ಕೆ ಇರುವ ದಾರಿ, ಎರಡೂ ಬೀಜವನ್ನು ಒಂದೇ ವರ್ಷ, ಒಂದೇ ಹೊಲದಲ್ಲಿ ಹಾಕುವುದು. ಅದೂ ಅರ್ಧ ಹೊಲಕ್ಕೆ ಒಂದು, ಇನ್ನರ್ಧಕ್ಕೆ ಇನ್ನೊಂದು ಅಂತಲ್ಲ. ಒಂದು ತುದಿಯಲ್ಲಿ ಎರೆಮಣ್ಣು, ಇನ್ನೊಂದು ತುದಿಯಲ್ಲಿ ಕೆಂಪು ಮಣ್ಣು ಇರುವ ಹೊಲಗಳು ನಮ್ಮಲ್ಲಿವೆ. ಹೊಲವನ್ನು ಉದ್ದಕ್ಕೆ ಐದಾರು ಪಟ್ಟಿ ಮಾಡಿ, ಪ್ರತಿ ಪಟ್ಟಿಯೊಳಗೂ ಎರಡೂ ಬೀಜಕ್ಕೆ ಜಾಗ ಕೊಟ್ಟು, ಯಾವುದು ಎಡಕ್ಕೆ ಯಾವುದು ಬಲಕ್ಕೆ ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ಈ ಪದ್ಧತಿಗೆ ಗಟ್ಟಿ ಬುನಾದಿ ಹಾಕಿದವರು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1919ರಲ್ಲಿ ಕೆಲಸಕ್ಕೆ ಸೇರಿದ ಆರ್. ಎ. ಫಿಶರ್. ನಮ್ಮ ಪಕ್ಕದ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಕೇಂಬ್ರಿಜ್‌ನಲ್ಲಿ ಇದೇ ಫಿಶರ್ ಬಳಿ ಪಿಎಚ್.ಡಿ. ಮಾಡಿ, ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದರು. ಮಕ್ಕಳಿಗೆ ಇದನ್ನು ಹೇಳಲು ನನಗೆ ಬಹಳ ಖುಷಿ.

ಹಂತ 7: ಅಳತೆ, ಪಟ್ಟಿ, ನಕ್ಷೆ

ಎಂಟು ಗಂಟೆ ಕಳೆದ ಮೇಲೆ 12 ಲೋಟಗಳನ್ನೂ ಓದಿ. ಪಟ್ಟಿಯ ಮೊದಲ ಕಂಬದಲ್ಲಿ ಉಪ್ಪು, ಮುಂದಿನ ಮೂರರಲ್ಲಿ ಮೂರು ಲೋಟಗಳ ಉಬ್ಬು, ಕೊನೆಯದರಲ್ಲಿ ಸರಾಸರಿ. ಕಂಬದ ತಲೆಯಲ್ಲಿ ಗ್ರಾಂ, ಮಿಲಿಮೀಟರ್ ಅಂತ ಬರೆಯಲು ಮರೆಯಬೇಡಿ.

ಸರಾಸರಿ ಒಂದನ್ನೇ ನೋಡಿ ಮೋಸ ಹೋಗಬೇಡಿ. ಲೆಕ್ಕ ತಿಳಿಯಲೆಂದು ಮಾತ್ರ ಒಂದು ಉದಾಹರಣೆ: ಒಂದು ಗುಂಪಿನಲ್ಲಿ 28, 31, 34 ಮಿಲಿಮೀಟರ್, ಇನ್ನೊಂದರಲ್ಲಿ 27, 30, 33 ಬಂತು ಅಂದುಕೊಳ್ಳಿ. ಸರಾಸರಿ 31 ಮತ್ತು 30. ಒಂದೇ ಗುಂಪಿನೊಳಗೆ 6 ಮಿಲಿಮೀಟರ್ ಏರುಪೇರು ಇರುವಾಗ ಗುಂಪುಗಳ ನಡುವಿನ 1 ಮಿಲಿಮೀಟರ್ ವ್ಯತ್ಯಾಸಕ್ಕೆ ಬೆಲೆಯಿಲ್ಲ. 'ವ್ಯತ್ಯಾಸ ಕಾಣಲಿಲ್ಲ' ಅಂತಲೇ ಬರೆಯಿರಿ.

ವ್ಯತ್ಯಾಸ ಕಾಣದಿರುವುದೂ ಫಲಿತಾಂಶವೇ. ನಂಬಿಕೆ ಬರದಿದ್ದರೆ ಲೋಲಕ ಮಾಡಿ ನೋಡಿ. ದಾರಕ್ಕೆ ಒಂದು ನಟ್ ಕಟ್ಟಿ ತೂಗುಬಿಡಿ, ಸ್ವಲ್ಪವೇ ಎಳೆದು ಬಿಡಿ, 10 ಸಲ ಹೋಗಿ ಬರುವ ಸಮಯ ಅಳೆದು 10ರಿಂದ ಭಾಗಿಸಿ. ನಟ್ ಎರಡು ಕಟ್ಟಿದರೂ ಸಮಯ ಬದಲಾಗುವುದಿಲ್ಲ. ದಾರದ ಉದ್ದವನ್ನು, ಅಂದರೆ ಕಟ್ಟಿದ ಜಾಗದಿಂದ ನಟ್‌ನ ನಡುವಿನವರೆಗೆ, 25 ಸೆಂಟಿಮೀಟರ್‌ನಿಂದ 100ಕ್ಕೆ ಏರಿಸಿದರೆ ಒಂದು ಸುತ್ತಿನ ಸಮಯ ಸುಮಾರು 1 ಸೆಕೆಂಡಿನಿಂದ 2 ಸೆಕೆಂಡಿಗೆ ಏರುತ್ತದೆ. ತೂಕಕ್ಕೆ ಇಲ್ಲಿ ಕೆಲಸವಿಲ್ಲ ಎಂದು ತಿಳಿದದ್ದೂ ಉದ್ದದ ಪ್ರಭಾವ ತಿಳಿದಷ್ಟೇ ಮುಖ್ಯ.

ನಕ್ಷೆಯಲ್ಲಿ ಸ್ವತಂತ್ರ ಚರ ಅಡ್ಡ ಅಕ್ಷಕ್ಕೆ, ಅವಲಂಬಿತ ಚರ ಲಂಬ ಅಕ್ಷಕ್ಕೆ. ಯಾವ ಬಗೆಯ ನಕ್ಷೆ ಅನ್ನುವುದು ಸ್ವತಂತ್ರ ಚರದ ಸ್ವಭಾವದ ಮೇಲೆ ನಿಂತಿದೆ. ಉಪ್ಪಿನ ಗ್ರಾಂ, ದಾರದ ಉದ್ದದಂಥವು ಅಳತೆಯ ಚರಗಳು. ಎರಡು ಮಟ್ಟಗಳ ನಡುವೆಯೂ ಬೆಲೆಗಳಿರುತ್ತವೆ, ಆದ್ದರಿಂದ ಗೆರೆ ಎಳೆಯಬಹುದು. ಕೆಂಪು ಮಣ್ಣು, ಎರೆಮಣ್ಣು, ಬೀಜದ ತಳಿ ಇವು ವರ್ಗದ ಚರಗಳು. ಕೆಂಪು ಮಣ್ಣಿಗೂ ಎರೆಮಣ್ಣಿಗೂ ನಡುವೆ ಗೆರೆ ಎಳೆದರೆ ಅರ್ಥವಿಲ್ಲ, ಸ್ತಂಭ ನಕ್ಷೆ ಹಾಕಿ. ಮೊಳಕೆಯೊಡೆದ ಬೀಜಗಳಂಥವು ಎಣಿಕೆಯ ಚರ: ಏಳು ಇರುತ್ತದೆ, ಎಂಟು ಇರುತ್ತದೆ, ಏಳೂವರೆ ಇರುವುದಿಲ್ಲ.

ಹಂತ 8: ಇನ್ನೊಂದು ದಿನ, ಹೊಸ ಹಿಟ್ಟಿನಿಂದ

ಮೂರು ಮೂರು ಲೋಟ ಇಟ್ಟೆವಲ್ಲ, ಸಾಕಲ್ವಾ ಅಂತ ಕೇಳುತ್ತಾರೆ. ಒಂದು ಗುಂಪಿನ ಮೂರೂ ಲೋಟ ಒಂದೇ ಕಲಸಿನಿಂದ ಬಂದವು. ಆ ಪಾಲಿಗೆ ಉಪ್ಪುನೀರು ಹಾಕುವಾಗಲೇ ಸಿರಿಂಜ್ ಲೆಕ್ಕ ತಪ್ಪಿದ್ದರೆ ಮೂರೂ ಲೋಟ ಒಟ್ಟಿಗೆ ತಪ್ಪು ಹೇಳುತ್ತವೆ. ಆದ್ದರಿಂದ ಕನಿಷ್ಠ ಇನ್ನೊಂದು ದಿನ ಹೊಸದಾಗಿ ರುಬ್ಬಿ, ಮೊದಲಿಂದ ಎಲ್ಲವನ್ನೂ ಮಾಡಿ.

ಎರಡೂ ದಿನದ ಅಂಕಿಗಳನ್ನು ಒಂದೇ ಪಟ್ಟಿಗೆ ಸುರಿಯಬೇಡಿ. ಏಪ್ರಿಲ್‌ನ ರಾತ್ರಿಗೂ ಡಿಸೆಂಬರ್‌ನ ರಾತ್ರಿಗೂ ಹಿಟ್ಟು ಒಂದೇ ರೀತಿ ಉಬ್ಬುವುದಿಲ್ಲ ಅನ್ನುವುದು ಎಲ್ಲರ ಮನೆಯಲ್ಲೂ ಗೊತ್ತು. ಒಂದೊಂದು ದಿನಕ್ಕೆ ಒಂದೊಂದು ಪಟ್ಟಿ. ಅದರ ತಲೆಯಲ್ಲಿ ತಾರೀಕು, ಹಿಟ್ಟು ಸುರಿದ ಗಂಟೆ, ಅಳೆದ ಗಂಟೆ, ಹಲಗೆಯ ಪಕ್ಕ ಇಟ್ಟ ಥರ್ಮಾಮೀಟರ್‌ನ ಎರಡು ಓದು: ಇಟ್ಟಾಗಿನದು, ಅಳೆದಾಗಿನದು. ಚಳಿ ಜಾಸ್ತಿ ಇದ್ದ ದಿನ 8 ಗಂಟೆಗೆ ಯಾವ ಲೋಟವೂ ಏಳದೇ ಇರಬಹುದು. ಆಗ 12 ಗಂಟೆಗೆ ಇನ್ನೊಮ್ಮೆ ಓದಿ, ಎರಡೂ ಅಳತೆಯನ್ನು ಬರೆದಿಡಿ. ಲೋಟಗಳನ್ನು ಮಾತ್ರ ಒಲೆಯ ಹತ್ತಿರಕ್ಕೆ ಸರಿಸಬೇಡಿ.